ಚರಂಡಿಯ ಚಪ್ಪಡಿಗಳು

ಗಲ್ಲಿಯ ಅರ್ಧದಷ್ಟು ಮಕ್ಕಳು ನರ್ಸಮ್ಮನ ಕೈಯಲ್ಲೇ ಹುಟ್ಟಿದವರು. ಹಾಗಾಗಿ, ನಗರಸಭೆಯಲ್ಲಿ ವಾರ್ಡಿನ ಸದಸ್ಯನಾಗಿದ್ದ ಅವರ ತಮ್ಮ, "ಅಕ್ಕಾ, ಎಲ್ಲರೂ ಬಾಕಿ ಮನೆ ತೆರಿಗೆ ಕಟ್ಟಿದ್ರೆ ನಿಮ್ಮ ಗಲ್ಲಿ ಚರಂಡಿಗೆ ಚಪ್ಪಡಿ ಹಾಕಿಸ್ತೀನಿ. ನೀನು ಹೇಳಿದ್ರೆ ಕೇಳ್ತಾರೆ" ಎಂದಾಗ ಅವರು ಮನೆಮನೆ ತಿರುಗಿದರು. ಇಸ್ತ್ರಿ ಮಾಡುವ ಹೆಂಗಸು ಹೊಸ ಇಸ್ತ್ರಿಪೆಟ್ಟಿಗೆಗೆಂದು ಕೂಡಿಟ್ಟಿದ್ದನ್ನೇ ತಂದು ಕಟ್ಟಿದಳು. ಆ ತೆರೆದ ಚರಂಡಿಗೆ ಬಿದ್ದು ಅವಳ ಮಗಳು ಕಾಲು ಮುರಿದುಕೊಂಡಿದ್ದಳು.

ಚಪ್ಪಡಿಗಳೇನೋ ಬಂದವು. ಆದರೆ ಬಂದದ್ದು ದೊಡ್ಡ ಮನೆಗಳ ನಡುವಿನ ಉದ್ಯಾನಕ್ಕೆ, ಬೆಳಗಿನ ವಾಯುವಿಹಾರದ ದಾರಿಗೆ.

ನರ್ಸಮ್ಮ ತಮ್ಮನ ಮನೆಗೇ ಹೋಗಿ ಕೇಳಿದರು.

"ಅಲ್ಲಿಯವರ ತೆರಿಗೆ ಜಾಸ್ತಿ ಅಕ್ಕಾ. ಹೆಚ್ಚು ಕೊಟ್ಟೋರಿಗೆ ಮೊದಲು."

"ಅವರಿಗದು ಯಾವ ಲೆಕ್ಕ ಕಣೋ? ನಮ್ಮವರು ಹೊಟ್ಟೆ ಬಟ್ಟೆ ಕಟ್ಟಿ ಕೊಟ್ಟಿದ್ದು. ನೀನು ಮಾತು ಕೊಟ್ಟಿದ್ದೆ."

"ನಿಮ್ಮವರಿಗೆ ನಾನೆಲ್ಲಿ ಮಾತು ಕೊಟ್ಟೆ? ಮನೆಮನೆ ತಿರುಗಿದ್ದು ನೀನು ತಾನೆ?" ಎಂದು ನಕ್ಕ, ಅವರೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ.

ನರ್ಸಮ್ಮ ನೇರ ಇಸ್ತ್ರಿಯವಳ ಬಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ಬೈಯಲಿಲ್ಲ. ಮಡಿಸಿಟ್ಟ ಬಟ್ಟೆಗಳನ್ನು ಸರಿಸಿ ಬೆಂಚಿನ ಮೇಲೆ ಜಾಗ ಮಾಡಿದಳು, ಕುಡಿಯಲು ನೀರು ತಂದಳು.

"ಒಂದೇ ಒಂದು ಬೇಡ್ಕೋತೀನಮ್ಮಾ," ಎಂದಳು ಮೆಲ್ಲಗೆ. "ಮುಂದಿನ ಸಲ ತೆರಿಗೆ ಕಟ್ಟಿ ಅಂತ ಹೇಳೋಕೆ ನೀವು ಮಾತ್ರ ಬರಬೇಡಿ. ನಿಮ್ಮ ಮುಖ ನೋಡಿ ಇಲ್ಲ ಅನ್ನೋಕೆ ನಮಗೆ ಬಾಯಿ ಬರಲ್ಲ."