ತೊಟ್ಟಿಗೆ ಹೆಪ್ಪು

ನಮ್ಮೂರಿನ ಬಚ್ಚಲು, ಕಕ್ಕಸು, ಅಡುಗೆಮನೆಗಳ ಕೊಳೆನೀರೆಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತದೆ. ಸಮುದ್ರದ ಅಂಚಿನ ಶುದ್ಧೀಕರಣ ಘಟಕದಲ್ಲಿ ಹನ್ನೊಂದು ವರ್ಷದಿಂದ ನಾನು ಆಪರೇಟರ್. ಯಾವ ಬೀದಿಯಲ್ಲಿ ಎಣ್ಣೆ ಜಾಸ್ತಿ, ಯಾವ ಬೀದಿಯಲ್ಲಿ ಸೋಪು ಜಾಸ್ತಿ ಎಂದು ಕೇಳಿದರೆ ಹೇಳಬಲ್ಲೆ, ಕೇಳುವವರಿಲ್ಲ. ಹೇಸಿಗೆ ಕೆಲಸ ಎಂದು ಮೂಗು ಮುರಿಯುವವರಲ್ಲಿ ನಮ್ಮತ್ತೆಯೇ ಮೊದಲು.

ಆದರೆ ಆ ವರ್ಷ ಅತ್ತೆಯ ಜೀವ ನನ್ನ ತೊಟ್ಟಿಯಲ್ಲೇ ಇತ್ತು. ನೀರು ಕೆಟ್ಟಿದೆ ಎಂದು ಅಧಿಕಾರಿಗಳು ಅಳಿವೆಯಲ್ಲಿ ಕಪ್ಪೆಚಿಪ್ಪು ಆರಿಸುವುದನ್ನು ಎರಡು ವರ್ಷದಿಂದ ನಿಲ್ಲಿಸಿದ್ದರು. ಎಂಟನೇ ವಯಸ್ಸಿನಿಂದ ಮೊಣಕಾಲುದ್ದ ನೀರಿನಲ್ಲಿ ನಿಂತು ದುಡಿದವರು ಅತ್ತೆ. ಈಗ ಮನೆಯಲ್ಲಿ ಕೂತು ನಾನು ತೊಳೆದ ಪಾತ್ರೆಗಳಲ್ಲಿ ಜಿಡ್ಡು ಹುಡುಕುತ್ತಿದ್ದರು. ಘಟಕದಿಂದ ಹೊರಹೋಗುವ ನೀರು ಈ ಸಲದ ಪರೀಕ್ಷೆಯಲ್ಲಿ ಪಾಸಾದರೆ ಅಳಿವೆ ತೆರೆಯುತ್ತದೆ. ಇಲ್ಲವಾದರೆ ಇನ್ನೈದು ವರ್ಷ ಆ ಮಾತೇ ಇಲ್ಲ. ಅತ್ತೆಗೆ ಆಗಲೇ ಅರವತ್ತೊಂಬತ್ತು.

ಪರೀಕ್ಷೆಗೆ ಇನ್ನು ಒಂದು ತಿಂಗಳಿದೆ ಎನ್ನುವಾಗ, ಒಂದು ಬೆಳಗ್ಗೆ ಕೊಳೆನೀರಿಗೆ ಗಾಳಿ ಊದುವ ತೊಟ್ಟಿಯ ಹತ್ತಿರ ಹೋದೆ. ಕಂದು ಬಣ್ಣದಲ್ಲಿ ಕುದಿಯುವ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು, ಮೇಲೆಲ್ಲ ಬಿಳಿ ನೊರೆ. ಒದ್ದೆ ಮಣ್ಣಿನ ವಾಸನೆ ಬರಬೇಕಾದಲ್ಲಿ ಬ್ಲೀಚಿಂಗ್ ಪೌಡರಿನ ಘಾಟು. ಕೊಳೆ ತಿಂದು ನೀರನ್ನು ತಿಳಿ ಮಾಡುವ ಸೂಕ್ಷ್ಮಜೀವಿಗಳೆಲ್ಲ ಸತ್ತಿದ್ದವು.

ಇದು ಊರಿನ ಮೋರಿಗಳಿಂದಲೇ ಬಂದಿರಬೇಕೆಂದು ಮನೆಗೆ ಓಡಿದೆ. ಬಚ್ಚಲ ಬಾಗಿಲಲ್ಲೇ ಬ್ಲೀಚಿಂಗಿನ ಖಾಲಿ ಡಬ್ಬ ಕಂಡಿತು.

"ಪರೀಕ್ಷೆ ಬರ್ತಿದೆಯಲ್ಲ, ಹೆಂಗಸರೆಲ್ಲ ಸೇರಿ ನಿನ್ನೆ ಪ್ರತಿ ಮನೆ ಮೋರಿಗೂ ಬ್ಲೀಚಿಂಗ್ ಸುರಿದ್ವಿ. ನಿನಗೂ ಸ್ವಲ್ಪ ಕೆಲಸ ಕಮ್ಮಿಯಾಗ್ಲಿ ಅಂತ," ಎಂದರು ಅತ್ತೆ, ಹೆಮ್ಮೆಯಿಂದ.

ನನಗೆ ಮೈಯೆಲ್ಲ ಉರಿಯಿತು. "ಕಮ್ಮಿಯೇನು, ಪೂರ್ತಿ ಮುಗಿಸಿಬಿಟ್ರಿ. ಆ ಕೊಳೆ ತಿನ್ನೋ ಜೀವಗಳನ್ನೆಲ್ಲ ಕೊಂದ್ರಿ."

ನಾನು ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನನ್ನ ಮಾತಿಗೆ ಸೋಲದ ಅತ್ತೆ ಗೋಡೆ ಹಿಡಿದು ಕೂತರು. ಅಂದದ್ದು ಜಾಸ್ತಿಯಾಯಿತು ಎಂದು ನನಗೆ ಅನ್ನಿಸಿತು, ಆದರೆ ಹೇಳಲಿಲ್ಲ. ನಾನೂ ಮೊಂಡಿಯೇ.

ಕೂತಲ್ಲಿಂದಲೇ ಅವರು ಕೇಳಿದರು: "ಮತ್ತೆ ಹುಟ್ಟಲ್ವಾ ಅವು?"

"ತಾವಾಗೇ ಹುಟ್ಟಿ ಬೆಳೆಯೋಕೆ ಎರಡು ತಿಂಗಳು ಬೇಕು."

"ಮೊಸರು ಮುಗಿದ್ರೆ ಪಕ್ಕದ ಮನೇಲಿ ಹೆಪ್ಪು ಕೇಳ್ತೀವಿ. ಇದಕ್ಕೆ ಯಾರನ್ನ ಕೇಳೋದು?"

ಯಾರನ್ನು ಕೇಳಬೇಕೆಂದು ನನಗೆ ಗೊತ್ತಿತ್ತು, ಸಂಕಟವೂ ಅದೇ. ಹೋದ ವರ್ಷ ಪಕ್ಕದೂರಿನ ತೊಟ್ಟಿ ಕೆಟ್ಟಾಗ ಅಲ್ಲಿನ ಆಪರೇಟರನ್ನು ನಾಲ್ಕು ಜನರ ಮುಂದೆ ಆಡಿಕೊಂಡು ನಕ್ಕವಳು ನಾನೇ. ಮಾಡಿದ್ದುಣ್ಣೋ ಮಹಾರಾಯ. ಅಲ್ಲಿಗೆ ಹೊರಡಲು ಘಟಕದ ಟ್ಯಾಂಕರ್ ಲಾರಿ ಹತ್ತಿದರೆ ಪಕ್ಕದ ಸೀಟಿನಲ್ಲಿ ಅತ್ತೆ ಆಗಲೇ ಕೂತಿದ್ದರು.

"ಏನು ಮೇಡಂ, ದಾರಿ ತಪ್ಪಿ ಬಂದ್ರಾ?" ಎಂದ ಪಕ್ಕದೂರಿನ ಆಪರೇಟರ್, ತನ್ನ ಘಟಕದ ಗೇಟಿಗೆ ಒರಗಿಕೊಂಡು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೆಳಗಿಳಿದಿದ್ದರು. "ತಪ್ಪು ನಂದಪ್ಪ. ನನ್ನ ಸೊಸೆ ಕೆಲಸದಲ್ಲಿ ಒಂದು ಹುಳುಕು ತೆಗೆಯೋ ಹಾಗಿಲ್ಲ. ನಿನ್ನ ತೊಟ್ಟಿಯಿಂದ ನಮಗಿಷ್ಟು ಹೆಪ್ಪು ಕೊಡು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ಮೂರು ಸಲ ಟ್ಯಾಂಕರ್ ತುಂಬ ಆ ಜೀವಗಳಿರುವ ಕೆಸರು ತುಂಬಿಸಿದ. ಅತ್ತೆಯ ಬಾಯಲ್ಲಿ ನನ್ನ ಕೆಲಸದ ಬಗ್ಗೆ ಒಳ್ಳೆಯ ಮಾತು ಕೇಳಿದ್ದು ಅದೇ ಮೊದಲು.

ಆ ಕೆಸರನ್ನು ನಮ್ಮ ತೊಟ್ಟಿಗೆ ಸುರಿದ ಮೇಲೆ ಅತ್ತೆ ಮನೆ ಮನೆಗೂ ಹೋಗಿ, ಮೋರಿಗೆ ಬ್ಲೀಚಿಂಗ್ ಹಾಕಿದವರ ಕೈ ಮುರಿಯುತ್ತೇನೆಂದು ಹೇಳಿ ಬಂದರು. ದಿನಾ ಘಟಕಕ್ಕೂ ಬಂದು ತೊಟ್ಟಿಯ ನೀರನ್ನು ಗಾಜಿನ ಜಾಡಿಯಲ್ಲಿ ಹಿಡಿಸಿ ನೋಡುತ್ತಿದ್ದರು. ಒಂಬತ್ತನೇ ದಿನ ಜಾಡಿಯಲ್ಲಿ ಕೆಸರು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತು. ತಿಂಗಳ ಕೊನೆಯ ಪರೀಕ್ಷೆಯಲ್ಲಿ ನಾವು ಪಾಸಾದೆವು.

ಅಳಿವೆ ತೆರೆದ ದಿನ ಸಮುದ್ರದ ಇಳಿತದ ಹೊತ್ತಿಗೆ ಹೆಂಗಸರೆಲ್ಲ ಬುಟ್ಟಿ ಹಿಡಿದು ಬಂದಿದ್ದರು. ಅತ್ತೆ ಮಾತ್ರ ದಡದಲ್ಲೇ ನಿಂತಿದ್ದರು.

"ನೀರು ಚೆನ್ನಾಗಿದೆಯೇನೇ?" ಎಂದು ಕೇಳಿದರು.

"ಅಧಿಕಾರಿ ಸಹಿ ಹಾಕಿದಾರಲ್ಲ ಅತ್ತೆ."

"ಅವರನ್ನ ಕೇಳಲಿಲ್ಲ ನಾನು. ನಿನ್ನನ್ನ ಕೇಳಿದ್ದು."

"ಚೆನ್ನಾಗಿದೆ," ಎಂದೆ.

ಅತ್ತೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದರು.