ಸತ್ತ ಲೈನಿನಲ್ಲಿ ಕರೆಂಟು

ಶಾರ್ಶೆನ್ ಕಂಬ ಹತ್ತಿದ ಅಂದರೆ ಸಿಡಿಲು ಕೂಡ ಮೋಡದೊಳಗೇ ತಡೆದು ನಿಂತು, "ಇಳಿದಾಯ್ತಾ ಯಜಮಾನ್ರೇ, ನಾನಿನ್ನು ಬೀಳ್ಲಾ?" ಅಂತ ಅಪ್ಪಣೆ ಕೇಳಿಯೇ ಬೀಳುತ್ತಿತ್ತು. ಇಡೀ ನಾರಿನ್ ಸೀಮೆಯಲ್ಲಿ ಇದನ್ನು ನಂಬದವರು ಇಬ್ಬರೇ. ಒಬ್ಬಳು ಅವನ ಹೆಂಡತಿ ಬುಬುಷ್, ಇನ್ನೊಬ್ಬ ಅವಳ ತಮ್ಮ ಎಸೆನ್‌ಗುಲ್. ಈ ಎಸೆನ್‌ಗುಲ್ ಭಾವನ ಜೊತೆಗೇ ಲೈನ್‌ಮನ್ ಕೆಲಸ ಮಾಡುತ್ತಿದ್ದ.

ಆವತ್ತು ಬೆಳಿಗ್ಗೆ ಕುದುರೆಯ ಕಿವಿ ಕಿತ್ತು ಹೋಗುವಂಥ ಗಾಳಿ. ಬೀದಿಯ ಕೊನೆಯಲ್ಲಿ ತಂತಿ ಹರಿದು ಊರಿಗೆ ಊರೇ ಕತ್ತಲಾಯಿತು. ಶಾರ್ಶೆನ್ ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು ಕುರಿತೊಗಲಿನ ಕೋಟಿನ ಜೇಬಿಗೆ ಇಳಿಸಿದ.

"ಹತ್ತೋ ಮೈದುನ, ಲೈನು ಸತ್ತಿದೆ."

"ಒಂದ್ಸಲ ಟೆಸ್ಟರ್ ಹಚ್ಚಿ ನೋಡೋಣ ಭಾವ. ಕರೆಂಟು ಬಂದ್ರೂ ನೆಲಕ್ಕಿಳಿಯೋ ಹಾಗೆ ಅರ್ಥಿಂಗ್ ಸರಪಳಿನೂ ಕಟ್ಟೋಣ."

"ನಾನು ಕೊಂದ ಲೈನಿಗೆ ನೀನು ನಾಡಿ ಹಿಡಿದು ನೋಡ್ತೀಯಾ? ಹತ್ತು, ಹತ್ತು!"

ಎಸೆನ್‌ಗುಲ್ ಹತ್ತಿ ತಂತಿಗೆ ಕೈ ಹಾಕಿದ್ದೇ ತಡ, ಸತ್ತದ್ದು ಎದ್ದು ಕಚ್ಚಿತು. ಸೊಂಟದ ಬೆಲ್ಟಿಗೆ ಜೋತುಬಿದ್ದು ತೂಗಾಡಿದ. ಕೆಳಗಿಳಿಸಿ ನೋಡಿದರೆ ಜೀವ ಇದೆ, ಬಲಗೈಯ ಅಂಗೈ ಮಾತ್ರ ಕಾವಲಿಯ ಮೇಲೆ ಮರೆತ ರೊಟ್ಟಿಯ ಹಾಗೆ ಕರಿಕಾಗಿತ್ತು. ಎಸೆನ್‌ಗುಲ್ ಎಡಗೈಯಲ್ಲಿ ಉದ್ದ ಕೋಲಿನ ಟೆಸ್ಟರನ್ನು ಎತ್ತಿ ತಂತಿಗೆ ಮುಟ್ಟಿಸಿದ. ಅದರ ತುದಿಯ ಕೆಂಪು ದೀಪ ಹೊತ್ತಿಕೊಂಡಿತು.

ಶಾರ್ಶೆನ್ ಹಾಕಿದ ಕೂಗಿಗೆ ಎದುರು ಬೆಟ್ಟದ ಹಿಮ ಮೂರು ಕಡೆ ಜಾರಿತು. "ಯಾವನೋ ಅಯೋಗ್ಯ ಮನೆ ಜನರೇಟರಿನ ಕರೆಂಟನ್ನ ಬೀದಿಗೆ ಬಿಟ್ಟಿದ್ದಾನೆ! ತನ್ನ ಮನೆಗೆ ಬೆಳಕು, ಕಂಬದ ಮೇಲಿದ್ದೋನಿಗೆ ಗೋರಿ!"

"ಹುಡುಕು ಭಾವ. ನಾನು ಇಲ್ಲೇ ಕೂತು ದೀಪ ನೋಡ್ತಿರ್ತೀನಿ. ಇದು ಆರಿ, ಯಾರ ಮನೇದು ಅಂತ ಗೊತ್ತಾಗೋವರೆಗೂ ನಾನು ಹತ್ತಲ್ಲ."

ಶಾರ್ಶೆನ್ ಮೊದಲು ನುಗ್ಗಿದ್ದು ಉರುಮ್‌ಕಾನ್ ಅಜ್ಜಿಯ ಮನೆಗೆ. ಅವಳ ಮೇನ್ ಬೋರ್ಡಿನ ಪಕ್ಕ ಚೇಂಜ್‌ಓವರ್ ಸ್ವಿಚ್ಚಿತ್ತು. ಮೇಲಕ್ಕೆತ್ತಿದರೆ ಊರಿನ ಕರೆಂಟು, ಕೆಳಕ್ಕೆಳೆದರೆ ಜನರೇಟರು. ಸವತಿಯರ ಹಾಗೆ ಎರಡೂ ಒಂದೇ ಹೊತ್ತಿಗೆ ಮನೆಯೊಳಗೆ ಇರುವುದಿಲ್ಲ.

"ನೀನೇ ಹಾಕ್ಕೊಟ್ಟದ್ದಲ್ಲೇನೋ ಇದು?" ಅಂದಳು ಅಜ್ಜಿ. "ಮರೆತೆಯಾ? ಅವತ್ತು ತಿಂದ ಕುರಿ ತೊಡೆ ಆದ್ರೂ ನೆನಪಿದೆಯಾ?"

ಸ್ವಿಚ್ಚು ಸರಿಯಾಗಿತ್ತು. ಕೋಪ ಇಮ್ಮಡಿಯಾಯಿತು. ಸರಿಯಾಗಿದ್ದವರ ಮೇಲೆ ಕೂಗಾಡುವುದು ಎಷ್ಟು ಕಷ್ಟ!

ಆಮೇಲೆ ಕಟುಕ ಜೊಲೊಚುವಿನ ಮನೆ. ಅಲ್ಲಿ ಬೇಕಾದದ್ದೇ ಸಿಕ್ಕಿತು: ಎರಡು ತುದಿಗೂ ಪ್ಲಗ್ಗಿರುವ ವೈರು. ಒಂದು ತಲೆ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ.

"ಎರಡು ತಲೆ ಹಾವು ಸಾಕಿದೀಯಲ್ಲೋ ಕೊಲೆಗಡುಕ!" ಕಟಿಂಗ್ ಪ್ಲೇಯರಿನಿಂದ ವೈರನ್ನು ಸೌತೆಕಾಯಿ ಹೆಚ್ಚಿದಂತೆ ಹೆಚ್ಚಿದ. "ಮೇನ್ ಸ್ವಿಚ್ ಆಫ್ ಮಾಡೋಕೆ ಒಂದ್ಸಲ ಮರೆತ್ರೆ ಸಾಕು, ಇದು ಕಂಬ ಹತ್ತಿ ಕಚ್ಚುತ್ತೆ!"

"ಹೆಚ್ಚು, ಹೆಚ್ಚು," ಅಂದ ಜೊಲೊಚು, ತಣ್ಣಗೆ. "ಜನರೇಟರಿನ ಮೇಲಿರೋ ಹಿಮಾನೂ ಒಂಚೂರು ನೋಡು ಅಣ್ಣ. ಅದಕ್ಕೆ ಪೆಟ್ರೋಲ್ ಕುಡಿಸಿ ತಿಂಗಳಾಯ್ತು."

ಅಷ್ಟರಲ್ಲಿ ಬೀದಿಯಿಂದ ಎಸೆನ್‌ಗುಲ್ ಕೂಗಿದ: "ಇನ್ನೂ ಉರೀತಾ ಇದೆ, ಭಾವ!"

"ಬೆಳಿಗ್ಗೆಯಿಂದ ಒಂದೇ ಸಮನೆ ಬೊಗಳ್ತಿರೋದು ನಮ್ಮ ಬುಬುಷ್ ಅತ್ತಿಗೆ ಜನರೇಟರು," ಅಂದ ಜೊಲೊಚು. "ಮನೆಗೊಂದು ಸಲ ಬರೋ ಚಳಿಗಾಲದ ಸರದಿ ಊಟ ಇವತ್ತು ನಿಮ್ಮನೇಲಲ್ವಾ?"

"ನನ್ನ ಮನೇನಾ? ನನ್ನ ಮನೆ ಸ್ವಿಚ್ಚು ನೋಡೋಕೆ ರಾಜಧಾನಿ ಬಿಷ್ಕೆಕ್ಕಿಂದ ಇಂಜಿನಿಯರುಗಳು ಬರ್ತಾರೆ!"

ಬಾಯಿ ಹಾಗೆಂದಿತು, ಕಾಲು ಮನೆಯ ಕಡೆ ಓಡಿತು. ಸ್ವಿಚ್ಚು ಕೆಳಗಿತ್ತು, ಜನರೇಟರಿನ ಕಡೆಗೇ. ಒಂದು ಸ್ಕ್ರೂ ಕೂಡ ಸಡಿಲವಿಲ್ಲ. ಎದೆಯುಬ್ಬಿಸಿ ತಿರುಗಿದವನಿಗೆ ಕಿಟಕಿಯಿಂದ ಹಿತ್ತಲಿನ ಬಚ್ಚಲಮನೆ ಕಂಡಿತು, ತಾನೇ ಮಾಡಿದ್ದು ನೆನಪಾಯಿತು. ಅಲ್ಲಿನ ಬಲ್ಬಿಗೆ ಮನೆಯಿಂದ ಹೋದ ತಂತಿ. ಹೀಟರಿಗೆ ಮೀಟರಿನ ಕಣ್ಣು ತಪ್ಪಿಸಿ, ಕಂಬದಿಂದ ನೇರ ಸೂರಿನಡಿಯಲ್ಲಿ ಎಳೆದು ತಂದ ತಂತಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹೆಣೆದಿದ್ದವನು ಶಾರ್ಶೆನ್ನೇ. ಜನರೇಟರಿನ ಕರೆಂಟು ಸ್ವಿಚ್ಚಿಗೆ ಟಾಟಾ ಹೇಳಿ, ಬಚ್ಚಲಮನೆ ಸುತ್ತಿ, ಬೀದಿಗೆ ಹೊರಟಿತ್ತು.

ಅವನು ಜನರೇಟರು ನಿಲ್ಲಿಸಿ, ಮಂಡಿಯೂರಿ ಆ ಕಳ್ಳತಂತಿಯನ್ನು ಕತ್ತರಿಸಿ, ತುದಿಯನ್ನು ಹಿಮದಡಿ ತುರುಕಿದ.

"ಬಚ್ಚಲ ಹಿಂದೆ ಅದೇನು ನಮಾಜು?" ಅಂದಳು ಬುಬುಷ್, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು. "ನನ್ನ ದೀಪ ಯಾಕೆ ಆರಿಸಿದ್ರಿ? ನನ್ನ ತಮ್ಮ ಎಲ್ಲಿ?"

ಅವನು ಕಟಿಂಗ್ ಪ್ಲೇಯರು ಹಿಡಿದೇ ಬೀದಿಗೆ ಬಂದ. ಬುಬುಷ್ ಹಿಂದೆಯೇ ಬಂದಳು. ಟೆಸ್ಟರಿನ ದೀಪ ಆರಿತ್ತು. ಅರ್ಧ ಊರು ನೆರೆದಿತ್ತು.

"ಸಿಕ್ತು. ಹತ್ತು," ಅಂದ ಶಾರ್ಶೆನ್.

"ಯಾರ ಮನೇದು?"

"ಅದೇನೋ... ಇಲಿ ಕಡಿದಿತ್ತು."

ಎಸೆನ್‌ಗುಲ್ ಬೆಲ್ಟು ಬಿಚ್ಚಿ ಹಿಮದ ಮೇಲೆ ಹಾಕಿದ. "ಇಲಿಗೂ ಒಂದು ಮನೆ ಇರುತ್ತಲ್ಲ ಭಾವ. ನೀನು ಸತ್ತಿದೆ ಅಂದಿದ್ದಕ್ಕೆ ಹತ್ತಿದೆ. ಈಗ ಇಲಿ ಅಂತೀಯ. ಎರಡನೇ ಸಲ ನಿನ್ನ ಬಾಯಿ ನಂಬಿ ಹತ್ತಲಾ?" ಅಂತ ಸುಟ್ಟ ಕೈಯನ್ನು ಅವನ ಮುಖದ ಮುಂದೆ ಹಿಡಿದ.

ಬುಬುಷ್ ಗಂಡನ ಮಂಡಿಗೆ ಮೆತ್ತಿದ್ದ ಹಿಮ ನೋಡಿದಳು, ಕೈಯಲ್ಲಿದ್ದ ಪ್ಲೇಯರು ನೋಡಿದಳು. "ಹೇಳ್ತೀರಾ, ಇಲ್ಲ ನಾನೇ ಹೇಳ್ಲಾ?"

ನಾರಿನ್ ಸೀಮೆಯಲ್ಲೇ ದೊಡ್ಡ ದನಿಯವನು ಈಗ ಪಿಸುಮಾತಿನಲ್ಲಿ ಹೇಳಿದ:

"ನಮ್ಮನೇದೇ. ಸ್ವಿಚ್ಚು ಸರಿಯಾಗಿದೆ, ಕಳ್ಳ ನಾನು. ಬಚ್ಚಲಮನೆ ಹೀಟರಿಗೆ ಕಂಬದಿಂದ ಕದ್ದು ತಂತಿ ಎಳೆದಿದ್ದೆ, ಅದ್ರಲ್ಲೇ ವಾಪಸ್ ಹೋಗಿದೆ. ಟೆಸ್ಟರ್ ಹಚ್ಚೋಣ ಅಂದೆ ನೀನು, ಬಿಡಲಿಲ್ಲ ನಾನು. ನಿನ್ನ ಕೈ ಸುಟ್ಟೋನು ನಾನೇ ಕಣೋ, ಎಸೆನ್."