ದೆಲ್ಮಿಯ ಊರು ಯಾವುದು

ತೀರಿಕೊಂಡ ಅಮ್ಮನ ಹೆಸರಿನ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮಧ್ಯಾಹ್ನವೇ ಅವಳ ಹೊಲಿಗೆ ಯಂತ್ರಕ್ಕಾಗಿ ಜಗಳ ಹತ್ತಿತು. ಚಿಕ್ಕಮ್ಮ ಚಾಬೇಲಾ ನನ್ನ ಅಕ್ಕ ದೆಲ್ಮಿಯ ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟಳು: "ನಿಂಗೆಲ್ಲೀದೇ ಹಕ್ಕು? ಸೈನ್ಯದ ಹೆಲಿಕಾಪ್ಟರಿಂದ ಮೂಟೆ ಥರ ಇಳಿಸಿ ತಂದ ಕೂಸು ನೀನು!"

ದೆಲ್ಮಿ ಅಪ್ಪನ ಕಡೆ ತಿರುಗಿದಳು. "ಏನಪ್ಪಾ ಇವಳು ಅಂತಿರೋದು?"

ಅಪ್ಪ ಅನ್ಸೆಲ್ಮೊ ಅಂತರ್ಯುದ್ಧದ ಕಾಲದಲ್ಲಿ ಸೈನ್ಯದ ಸಾರ್ಜೆಂಟ್ ಆಗಿದ್ದವನು. ಕೈಯಲ್ಲಿದ್ದ ತಗಡಿನ ಲೋಟವನ್ನೇ ಅವಳ ಬಾಯಿಗೆ ಬೀಸಿದ. ಬಿಸಿ ಕಾಫಿ ಕತ್ತಿನ ಮೇಲೆ ಚೆಲ್ಲಿತು, ತುಟಿ ಸೀಳಿತು. ದೆಲ್ಮಿ ಅಳಲಿಲ್ಲ. ರಕ್ತವನ್ನು ಅವನ ಕಾಲ ಬಳಿಯೇ ಉಗುಳಿ ಎದ್ದು ಹೋದಳು.

ಹಿತ್ತಲ ಮಾವಿನ ಮರದಡಿ ನಾನು ಅವಳ ತುಟಿಗೆ ಬಟ್ಟೆ ಒತ್ತಿ ಹಿಡಿದು ಕೂತೆ.

"ಅಕ್ಕಾ, ರಾಜಧಾನಿಯಲ್ಲಿ ಯುದ್ಧದಲ್ಲಿ ಕಳೆದುಹೋದ ಮಕ್ಕಳನ್ನ ಹುಡುಕೋರಿದ್ದಾರೆ. ಬಾಯಿ ಎಂಜಲು ಕೊಟ್ರೆ ಸಾಕಂತೆ, ಯಾರು ಯಾರ ರಕ್ತ ಅಂತ ತಾಳೆ ನೋಡ್ತಾರೆ. ಅಪ್ಪಂಗೆ ಗೊತ್ತೂ ಆಗಲ್ಲ."

"ಕದ್ದು ತಂದೋನು ಅವ್ನು. ನಾನ್ಯಾಕೆ ಕದ್ದು ಹುಡುಕ್ಬೇಕೇ?"

"ಹಾಗಾದ್ರೆ ರೇಡಿಯೋದಲ್ಲಿ ಹೇಳ್ಸೋಣ."

"ಹೇಳ್ಸು. ನಾಳೆ ಮಕ್ಕಳನ್ನ ಕಳ್ಕೊಂಡ ಹತ್ತು ಜನ ಮಚ್ಚು ಹಿಡ್ಕೊಂಡು ಬಾಗಿಲಿಗೆ ಬರ್ತಾರೆ, ಮೊದ್ಲು ನಿನ್ನ ಕಡೀತಾರೆ. ನೀನು ಅವನದೇ ರಕ್ತ ಅಲ್ವಾ?" ತುಟಿ ನೋಯುತ್ತಿದ್ದರೂ ನಕ್ಕಳು. "ಊರಿನ ಹೆಸರು ಅವನ ಬಾಯಿಂದಲೇ ಬರ್ಬೇಕು. ಆಮೇಲೆ ಉಳಿದಿದ್ದು."

ಮರುದಿನ ಅಪ್ಪ ಪಿಸ್ತೂಲನ್ನು ಮೇಜಿನ ಮೇಲಿಟ್ಟುಕೊಂಡೇ ರೊಟ್ಟಿ, ಅವರೆ ತಿನ್ನುತ್ತಿದ್ದ. ದೆಲ್ಮಿ ಅವನತ್ತ ನೋಡದೆ ಹಿತ್ತಲಿಗೆ ಹೋಗಿ, ಅವನ ಕಾಳಗದ ಹುಂಜಗಳಲ್ಲಿ ಒಂದನ್ನು ಕಾಲು ಹಿಡಿದು, ಜೊತೆಗೆ ಮಚ್ಚನ್ನೂ ತಂದಳು. ನಮಗಿಂತ ಅವುಗಳನ್ನೇ ಅವನು ಚೆನ್ನಾಗಿ ಸಾಕಿದ್ದ.

"ಯಾವ ಊರು?"

"ಬಿಡೇ ಅದನ್ನ, ಹಡಬೆ!"

ಅವಳು ಬಾಗಿಲ ಚೌಕಟ್ಟಿಗೆ ಹುಂಜದ ಕತ್ತನ್ನು ಒತ್ತಿ ಹಿಡಿದು ಮಚ್ಚು ಬೀಸಿದಳು. ರುಂಡವಿಲ್ಲದ ಹುಂಜ ಅಂಗಳ ತುಂಬ ಒದ್ದಾಡಿತು. ಅಪ್ಪ ಪಿಸ್ತೂಲು ಎತ್ತಿದ. ನಾನು ನಡುವೆ ಹೋಗಿ ನಿಂತೆ. ಅಕ್ಕ ಎರಡನೆಯದನ್ನು ತಂದಳು, ಕಡಿದಳು. ಅಪ್ಪನ ಅಚ್ಚುಮೆಚ್ಚಿನ ಕೆಂಪು ಹುಂಜವನ್ನು ತರುವಷ್ಟರಲ್ಲಿ ಅವನ ಕೈ ಇಳಿದಿತ್ತು.

"ಲಾಸ್ ಹೋಕೋತೆಸ್," ಅಂದ. "ಹೊಳೆ ದಂಡೆ. ಅಲ್ಲಿದ್ದ ಎಲ್ಲರನ್ನೂ ಮುಗಿಸಿ ಅಂತ ಆಜ್ಞೆ ಇತ್ತು. ನಿನ್ನವ್ವ ನಿನ್ನ ಬಿಡ್ಲಿಲ್ಲ. ಬಂದೂಕಿನ ಹಿಡಿಯಿಂದ ಕೈಗೆ ಹೊಡೆದೆ. ಆಮೇಲೆ ಬಿಟ್ಲು."

"ಆಮೇಲೆ?"

"ಆಮೇಲೆ ಏನು! ಗುಂಡು ಹಾರಿಸ್ದೆ. ಇಲ್ಲಿ ಮಕ್ಕಳಿಲ್ಲ ಅಂತ ಜೋಯ್ಲಾ ದಿನಾ ಅಳ್ತಿದ್ಲು."

ಜೋಯ್ಲಾ ನಮ್ಮಮ್ಮ. ನಾನು ಹುಟ್ಟಿದ್ದು ಅದಾದ ಎಷ್ಟೋ ವರ್ಷದ ಮೇಲೆ. ದೆಲ್ಮಿ ಕೆಂಪು ಹುಂಜವನ್ನು ಕೆಳಗೆ ಬಿಟ್ಟಳು. ಅದು ಸತ್ತವುಗಳ ರಕ್ತ ತುಳಿದುಕೊಂಡು ಓಡಿತು.

ನಾವಿಬ್ಬರೂ ಆ ಊರಿಗೆ ಹೋದೆವು. ಅಂದು ತಪ್ಪಿಸಿಕೊಂಡು ಉಳಿದವರಲ್ಲಿ ಒಂದಲ್ಲ, ಮೂರು ಮನೆಯವರು ಪುಟ್ಟ ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದರು. ಒಬ್ಬ ಮುದುಕಿ ದೆಲ್ಮಿಯ ಕೆನ್ನೆ ಸವರಿ "ನನ್ನ ಮಗಳ ಕೂಸೇ" ಅಂದಳು. ಸಾಕಿದವನು ಯಾರೆಂದು ದೆಲ್ಮಿ ಮುಚ್ಚಿಡದೆ ಹೇಳಿದ ಕೂಡಲೇ ಅದೇ ಕೆನ್ನೆಗೆ ಬಾರಿಸಿ, ಮತ್ತೆ ತಬ್ಬಿಕೊಂಡು ಗೋಳಾಡಿದಳು. ಇನ್ನೊಂದು ಮನೆಯವರು ಅವಳ ತೋಳು ಹಿಡಿದು ಎಳೆದರು. ಹೊರಗೆ ಬಂದ ಮೇಲೆ ದೆಲ್ಮಿ, "ಈಗ ಎಂಜಲು ಕೊಡೋಣ ಕಣೇ. ಇವರಲ್ಲಿ ಯಾರಿಗೂ ಸುಳ್ಳು ಆಸೆ ಹುಟ್ಟಿಸ್ಬಾರ್ದು," ಅಂದಳು.

ಮಳೆಗಾಲ ಕಳೆದ ಮೇಲೆ ಉತ್ತರ ಬಂತು. ಆ ಮುದುಕಿ ಅವಳಿಗೆ ಏನೂ ಆಗಬೇಕಾಗಿರಲಿಲ್ಲ. ತಾಳೆಯಾದದ್ದು ಕತಲಿನೊ ಎಂಬ ಮರಗೆಲಸದವನ ಜೊತೆ. ಸತ್ತ ತಾಯಿಯ ತಮ್ಮ ಅವನು, ಅಂದರೆ ಸೋದರಮಾವ. ಭೇಟಿಯ ದಿನ ಮೊದಲು ನನ್ನ ಕಡೆ ಬೆರಳು ಮಾಡಿದ.

"ಇವಳ್ಯಾರು?"

"ನನ್ನ ತಂಗಿ."

"ಆ ನಾಯಿ ಮಗಳಾ?"

"ನನ್ನ ತಂಗಿ ಅಂದೆ, ಮಾವ."

ಅವನು ದವಡೆ ಬಿಗಿದ. "ಸರಿ. ಆ ನಾಯಿ ಎಲ್ಲಿದ್ದಾನೆ?"

ದೆಲ್ಮಿ ತಾನೇ ಅವನನ್ನು ನಮ್ಮ ಮನೆಗೆ ಕರೆತಂದಳು. ಕತಲಿನೊ ಕುರ್ಚಿಯಿಂದ ಅಪ್ಪನನ್ನು ಎಳೆದು ಕೆಡವಿ, ಬಡಿಗೆಯಿಂದ ಹೊಡೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಚೀರಿದೆ. ಅಪ್ಪ ಕೈ ಅಡ್ಡ ಹಿಡಿಯಲೂ ಇಲ್ಲ. ಬಡಿಗೆ ತಲೆಯ ಕಡೆಗೆ ಎದ್ದಾಗ ದೆಲ್ಮಿ ಮಾವನ ಮಣಿಕಟ್ಟಿಗೆ ಜೋತುಬಿದ್ದಳು.

"ಸಾಕು ಮಾವ. ಇವನು ಬದುಕಿರ್ಲಿ. ನ್ಯಾಯಾಧೀಶರ ಮುಂದೆ ಇದೇ ಬಾಯಿಂದ ಹೇಳ್ಬೇಕು."

ಅವಳು ಮಾವನ ಜೊತೆ ಹೊರಟಳು. ಹೊಸಿಲಲ್ಲಿ ನನ್ನನ್ನು ತಬ್ಬಿಕೊಂಡಳು. "ನೀನೂ ಬಾರೇ."

ನಾನು ಹೋಗಲಿಲ್ಲ. ಅಪ್ಪನ ಮುರಿದ ಕೈಗೆ ಪಟ್ಟಿ ಕಟ್ಟಿಸಿದೆ. ದಿನಾ ತಟ್ಟೆ ತಂದು ಮುಂದಿಡುತ್ತೇನೆ, ಮಾತಾಡಿಸುವುದಿಲ್ಲ. ಅಪ್ಪನ ಮೇಲೆ ದೆಲ್ಮಿ ಕೊಟ್ಟ ದೂರು ದಾಖಲಾಗಿದೆ. ಕೋರ್ಟಿನ ಕರೆ ಬಂದರೆ, ಅವನು ಅಂದು ಒಪ್ಪಿಕೊಂಡದ್ದಕ್ಕೆ ಸಾಕ್ಷಿ ಹೇಳುವವಳು ನಾನು.